ಅದೇ ಥಾನಿನ ಬಟ್ಟೆ

ತೊಡೆಯಿಂದ ತೆಗೆದರೆ ಹೊಂದುವುದಿಲ್ಲ,
ಎಂದರು ಡಾಕ್ಟರ್ ಬೋಜಮ್ಮ,
ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ.
ಬಣ್ಣ ಬೇರೆ, ದಪ್ಪ ಬೇರೆ,
ತೇಪೆ ತೇಪೆಯಾಗಿಯೇ ಕಾಣುತ್ತೆ.
ನನಗೆ ಹೇಳಬೇಕೆ?
ಮಂಡ್ಯದ ಪೇಟೆ ಬೀದಿಯಲ್ಲಿ ಇಪ್ಪತ್ತೆಂಟು ವರ್ಷ
ರವಿಕೆ ಹೊಲಿದವಳು ನಾನು.
ರೇಷ್ಮೆ ಸೀರೆ ಮೊಳೆಗೆ ಸಿಕ್ಕಿ ಹರಿದರೆ
ಅದರ ಒಳಸೆರಗಿನಿಂದಲೇ ಚೂರು ಕತ್ತರಿಸಬೇಕು;
ಬೇರೆ ಥಾನಿನದು ಎಷ್ಟು ಹೋಲಿದರೂ
ಒಂದೇ ಒಗೆತಕ್ಕೆ ಗುಟ್ಟು ಬಿಡುತ್ತೆ.

ಎಡ ಹೊಳ್ಳೆಯ ಮೇಲೆ ಶುರುವಾಗಿದ್ದು
ಎಳ್ಳುಕಾಳಿನಷ್ಟು.
ಮೂಗುತಿಯ ತಿರುಪು ಉಜ್ಜಿದ ಗಾಯವೆಂದು
ಅರಿಸಿನ ಹಚ್ಚಿದೆ, ಸುಣ್ಣ ಹಚ್ಚಿದೆ,
ಯಾರೋ ಹೇಳಿದ ಸೊಪ್ಪು ಅರೆದು ಹಚ್ಚಿದೆ.
ಒಂದೂವರೆ ವರ್ಷ
ಅದು ಒಣಗಿತು, ಬಿರಿಯಿತು, ಒಣಗಿತು.
ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ
ಹೆಸರು ಬಂತು.
ಆ ಹೆಸರನ್ನು ನಾನು ಅಂಗಡಿಯಲ್ಲಿ ಹೇಳಲಿಲ್ಲ.

ಕೆಟ್ಟದ್ದನ್ನೆಲ್ಲ ಕೆತ್ತಿ,
ಅಂಚು ಶುದ್ಧವೆಂದು ಖಾತ್ರಿಯಾದ ಮೇಲೆ ಉಳಿದದ್ದು
ಕೋಟಿನ ಗುಂಡಿಯಷ್ಟಗಲ ತೂತು.
ದಾರದ ಪೊಟ್ಟಣದ ಬೆಳ್ಳಿ ಹಾಳೆಯನ್ನು ಅದರ ಮೇಲೆ ಒತ್ತಿ
ಅಚ್ಚು ಕತ್ತರಿಸಿ, ಬುಡಮೇಲು ಮಾಡಿ
ನನ್ನ ಹಣೆಯ ಮೇಲಿಟ್ಟು
ನೀಲಿ ಪೆನ್ನಿನಲ್ಲಿ ಗೆರೆ ಎಳೆದರು ಬೋಜಮ್ಮ.
'ಕಾಲಿಂಚು ಹೆಚ್ಚು ಬಿಡಿ ಮೇಡಂ, ಹೊಲಿಗೆಗೆ ಬೇಕು.'
'ಚರ್ಮ ಎಳೆದರೆ ಬರುತ್ತೆ, ಪುಟ್ಟಲಿಂಗಮ್ಮ.'
'ಓರೆ ಕತ್ತರಿಸಿದರೆ ಬಟ್ಟೆಯೂ ಬರುತ್ತೆ,' ಅಂದೆ.
ಗೆರೆ ತುಸು ಅಲುಗಿತು. ನಕ್ಕರೇನೋ.

ಹಣೆಬರಹ ಅಳಿಸಲಾಗದು ಅನ್ನುತ್ತಿದ್ದಳು ಅವ್ವ.
ಅಳಿಸಲಿಲ್ಲ.
ಅರ್ಧ ಸುತ್ತು ತಿರುಗಿಸಿ
ಮೂಗಿಗೆ ಇಳಿಸಿದರು, ಅಷ್ಟೇ.
ಹುಬ್ಬಿನ ಬುಡದಲ್ಲಿ ಒಂದು ಪಟ್ಟಿ ಕಡಿಯದೆ ಬಿಟ್ಟರು,
ಒಳಗೆ ರಕ್ತದ ಕಿರುನಾಲೆ.
ಗದ್ದೆಗೆ ತನ್ನದೇ ಒರತೆ ಒಸರುವ ತನಕ,
ಮೂರು ವಾರ,
ತೂಬು ಮುಚ್ಚುವಂತಿಲ್ಲ.

ಆ ಮೂರು ವಾರ
ಹಣೆಯಿಂದ ಮೂಗಿಗೆ ನನಗೊಂದು ಸೊಂಡಿಲು.
ಊರಿಗೆ ಮರಳುವ ಪ್ಯಾಸೆಂಜರ್ ರೈಲಿನಲ್ಲಿ
ಎದುರು ಸೀಟಿನ ಮಗು ನೋಡಿದ್ದೇ ನೋಡಿದ್ದು,
ಪಾಂಡವಪುರ ದಾಟುವವರೆಗೂ.
ತಾಯಿ ಅದಕ್ಕೆ ಕಿಟಕಿಯಾಚೆಯ ಕಬ್ಬು ತೋರಿಸಿದಳು,
ಕಬ್ಬನ್ನೇ ಕಾಣದ ಮಗುವೆಂಬಂತೆ.

ಕನ್ನಡಕ ಕೂರಲಿಲ್ಲ. ಸೂಜಿಗೆ ದಾರ ಏರಲಿಲ್ಲ.
ಪಕ್ಕದ ಬಳೆ ಅಂಗಡಿಯ ಹೊನ್ನೇಶ ಶಾಲೆಗೆ ಹೋಗುವ ಮುಂಚೆ
ಹನ್ನೆರಡು ಸೂಜಿಗೆ ದಾರ ಪೋಣಿಸಿ
ದಿಂಬಿಗೆ ಚುಚ್ಚಿ ಹೋಗುತ್ತಿದ್ದ,
ನನ್ನ ಮುಖ ನೋಡದೆ.
ಹದಿನಾಲ್ಕನೇ ದಿನ ನೋಡಿದ.
'ನೋಯುತ್ತಾ ಅತ್ತೆ?'
'ಇಲ್ಲ ಕಣೋ. ಮೂಗಿನ ಮೇಲೆ ನೊಣ ಕೂತರೆ
ಹಣೆಯಲ್ಲಿ ಕಚಗುಳಿ.'
ನಂಬಲಿಲ್ಲ. ಬೆರಳ ತುದಿಯಿಂದ ಮೆಲ್ಲಗೆ ಮೂಗು ಮುಟ್ಟಿದ.
ನಾನು ಹಣೆ ಒರೆಸಿಕೊಂಡೆ.

ಈಗ ಪಟ್ಟಿ ಕಡಿದಾಗಿದೆ.
ಹಣೆಯಲ್ಲಿ ನೆಟ್ಟಗೆ ಒಂದು ಗೆರೆ ಉಳಿದಿದೆ.
ಮನೆದೇವರು ಮಾದಪ್ಪ, ಹಣೆಗೆ ಮಾತ್ರ ತಿರುಪತಿಯದು,
ಯಾರಿಗೆ ಹಾಕಿದೆಯೇ ನಾಮ? ಅಂತಾಳೆ ವಾರಗಿತ್ತಿ.
ಯಾರಿಗೆಂದು ಗೊತ್ತು.
ಬಾಯಿಬಿಟ್ಟರೆ ಅದಕ್ಕೆ ಕೇಳಿಸೀತು.

ಇನ್ನೊಂದಿದೆ.
ನನ್ನದು ಮೂರು ಬೆರಳ ಹಣೆ;
ಅವ್ವನ ಹಾಗೆ ಬೊಟ್ಟನ್ನು ಮೇಲಕ್ಕೇ ಇಡುವವಳು.
ಸ್ಟಿಕರ್ ಅಂಟಿಸಿ ಅಂಟಿಸಿ
ಅಲ್ಲೊಂದು ಬೆಳ್ಳನೆ ಗುರುತು ಉಳಿದಿತ್ತು.
ಅದೂ ಇಳಿದುಬಂದಿದೆ,
ಮೂಗುತಿಯ ಜಾಗಕ್ಕೆ ಸರಿಯಾಗಿ ಅಲ್ಲ,
ಒಂದು ಅಕ್ಕಿಕಾಳು ಮೇಲೆ,
ಅಳತೆ ತಪ್ಪಿದ ಕಾಜದ ಹಾಗೆ.

ಹೊಳ್ಳೆಯ ಅಂಚಿನಲ್ಲಿ ಒಂದು ಕೂದಲೂ ಹುಟ್ಟುತ್ತೆ, ತಲೆಗೂದಲೇ.
ವಾರಕ್ಕೊಮ್ಮೆ, ಹೊಲಿಗೆಯ ದಾರದ ಕೊನೆ ಕತ್ತರಿಸುವ
ಪುಟ್ಟ ಕತ್ತರಿಯಲ್ಲಿ ಕತ್ತರಿಸುತ್ತೇನೆ.
ನಿನ್ನೆ ಬೆಳಕಿಗೆ ಹಿಡಿದು ನೋಡಿದೆ.
ನರೆತಿತ್ತು.